ಮನೆಯ ಮೂಲಪತ್ರಗಳು ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕಾದರೆ

ನಮ್ಮ ತಾತನವರು 1961ರಲ್ಲಿ ಮಾಡಿಸಿದ ಕ್ರಯಪತ್ರವೊಂದು ಐವತ್ತು ವರ್ಷಕ್ಕೂ ಹೆಚ್ಚು ಕಾಲ ತಗಡಿನ ಟ್ರಂಕಿನಲ್ಲಿ, ಎಂಟು ಮಡಿಕೆಯಾಗಿ, ಬಟ್ಟೆಯ ಚೀಲವೊಂದರೊಳಗೆ ಇತ್ತು. ಅದಕ್ಕೆ ಗೆದ್ದಲು ಹತ್ತಿರಲಿಲ್ಲ, ನೀರೂ ತಾಗಿರಲಿಲ್ಲ. ಆದರೂ ಬಿಡಿಸಿ ನೋಡಿದಾಗ, ಷೆಡ್ಯೂಲಿನ ಚಕ್ಕುಬಂದಿಯಲ್ಲಿ, ಅಂದರೆ ಆಸ್ತಿಯ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ‘ಪೂರ್ವಕ್ಕೆ’ ಎಂಬ ಪದದ ಮುಂದೆ ಇರಬೇಕಾಗಿದ್ದ ಅರ್ಧ ಸಾಲು ಇರಲಿಲ್ಲ. ಮಡಿಕೆ ಸರಿಯಾಗಿ ಆ ಸಾಲಿನ ಮೇಲೆಯೇ ಬಿದ್ದಿತ್ತು. ಪ್ರತಿ ಸಲ ತೆಗೆದು ಮಡಿಚಿದಾಗಲೂ ಕಾಗದ ಅಲ್ಲಿ ಒಂದಿಷ್ಟು ಸವೆದು, ಕೊನೆಗೆ ಅಕ್ಷರಗಳು ಪುಡಿಯಾಗಿ ಚೀಲದ ತಳ ಸೇರಿದ್ದವು. ಪತ್ರ ನೋಂದಣಿಯಾಗಿದ್ದರಿಂದ ಉಪನೋಂದಣಾಧಿಕಾರಿ ಕಚೇರಿಯ ದೃಢೀಕೃತ ನಕಲಿನಲ್ಲಿ ಆ ಸಾಲು ನಮಗೆ ಮರಳಿ ಸಿಕ್ಕಿತು. ಅದೇ ಟ್ರಂಕಿನಲ್ಲಿದ್ದ ಪಾಲುಪಟ್ಟಿಯ ವಿಷಯ ಹಾಗಾಗಲಿಲ್ಲ. ಊರಿನ ಪಂಚರ ಮುಂದೆ ಬರೆದುಕೊಂಡಿದ್ದ ಆ ಹಾಳೆಗಳ ಮೂಲೆಯನ್ನು ಗುಂಡುಪಿನ್ನಿನ ತುಕ್ಕು ತಿಂದುಹಾಕಿತ್ತು, ಆ ಮೂಲೆಯೊಂದಿಗೆ ಒಬ್ಬರ ಸಹಿಯೂ ಹೋಗಿತ್ತು. ಅದಕ್ಕೆ ಎರಡನೆಯ ಪ್ರತಿ ಎಲ್ಲಿಯೂ ಇರಲಿಲ್ಲ.

ಮುಂದೆ ಹೇಳುವ ಕ್ರಮವೆಲ್ಲ ಈ ಎರಡು ಪತ್ರಗಳ ನಡುವಿನ ವ್ಯತ್ಯಾಸದಿಂದ ಹುಟ್ಟಿದ್ದು. ಮನೆಯಲ್ಲಿ ಯಾವ ಕಾಗದಕ್ಕೆ ಹೆಚ್ಚು ಆರೈಕೆ ಬೇಕು ಎಂಬುದನ್ನು ಆಸ್ತಿಯ ಬೆಲೆ ನೋಡಿ ನಿರ್ಧರಿಸಬಾರದು. ಅದು ಹಾಳಾದರೆ ಮತ್ತೆ ಸಿಗುತ್ತದೆಯೇ ಇಲ್ಲವೇ ಎಂಬುದನ್ನು ನೋಡಿ ನಿರ್ಧರಿಸಬೇಕು.

ಮೊದಲ ಹೆಜ್ಜೆ: ಎಲ್ಲವನ್ನೂ ಹೊರತೆಗೆದು ವಿಂಗಡಿಸುವುದು

ಮಳೆಯಿಲ್ಲದ ಒಂದು ದಿನ, ಫ್ಯಾನು ನಿಲ್ಲಿಸಿ, ಒರೆಸಿ ಒಣಗಿಸಿದ ಅಗಲವಾದ ಮೇಜಿನ ಮೇಲೆ ಮನೆಯ ಕಾಗದಪತ್ರಗಳನ್ನೆಲ್ಲ ಹರಡಿಕೊಳ್ಳಿ. ಕೈಯನ್ನು ಸೋಪು ಹಾಕಿ ತೊಳೆದು ಪೂರ್ತಿ ಒರೆಸಿಕೊಂಡರೆ ಸಾಕು, ಕೈಗವಸು ಬೇಕಿಲ್ಲ. ಬಟ್ಟೆಯ ಕೈಗವಸು ಹಾಕಿಕೊಂಡರೆ ಹಾಳೆಯ ಅಂಚು ಬೆರಳಿಗೆ ತಿಳಿಯದೆ ಹರಿಯುವ ಸಂಭವವೇ ಹೆಚ್ಚು. ಎಂಜಲು ಹಚ್ಚಿ ಪುಟ ತಿರುವುವ ಅಭ್ಯಾಸವನ್ನು ಆ ದಿನಕ್ಕಾದರೂ ಬಿಡಬೇಕು.

ನಂತರ ಮೂರು ಗುಂಪು ಮಾಡಿ. ಮತ್ತೊಂದು ಪ್ರತಿ ಎಲ್ಲಿಯೂ ಇಲ್ಲದಂಥವು ಮೊದಲನೆಯ ಗುಂಪು: ನೋಂದಣಿಯಾಗದ ಉಯಿಲು, ಪಾಲು ಮುಗಿದ ಮೇಲೆ ನೆನಪಿಗಾಗಿ ಬರೆದುಕೊಂಡ ಪಾಲುಪಟ್ಟಿ, ಕೈಬರಹದ ಕರಾರು, ಹಣ ಸಂದಾಯದ ಹಳೆಯ ರಸೀದಿಗಳು, ಕರಾವಳಿಯ ಮನೆಗಳಲ್ಲಾದರೆ ಮೂಲಗೇಣಿ (ಶಾಶ್ವತ ಗೇಣಿ) ಚೀಟಿ, ಉತ್ತರ ಕರ್ನಾಟಕದ ಕೆಲವು ಮನೆಗಳಲ್ಲಿ ಇನ್ನೂ ಇರುವ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಕಾಗದಗಳು. ಸರ್ಕಾರಿ ಕಚೇರಿಯಲ್ಲಿ ದಾಖಲೆ ಇದ್ದರೂ ಅದನ್ನು ಹುಡುಕಿ ತೆಗೆಸುವುದು ಕಷ್ಟವಾದಂಥವು ಎರಡನೆಯ ಗುಂಪು. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿದಾರರಿಗೆ ಸಿಕ್ಕ ನಮೂನೆ 10ರ ಅಧಿಭೋಗದ ಹಕ್ಕಿನ ಪ್ರಮಾಣಪತ್ರ, ಸಾಗುವಳಿ ಚೀಟಿ, ಹಕ್ಕುಪತ್ರ, ಹಳೆಯ ಕ್ರಯಪತ್ರ ಇವೆಲ್ಲ ಇದರಲ್ಲಿ ಸೇರುತ್ತವೆ. ಎಷ್ಟೋ ಕುಟುಂಬಗಳಿಗೆ ತಾವು ಉಳುತ್ತಿದ್ದ ನೆಲ ತಮ್ಮದಾದದ್ದಕ್ಕೆ ಇರುವ ಮೊದಲ ಆಧಾರ ಆ ನಮೂನೆ 10ರ ಒಂದು ಹಾಳೆ. ಅದನ್ನು ಪಾಸ್‌ಬುಕ್ಕಿನ ಮಡಿಕೆಯಲ್ಲಿ ಇಟ್ಟಿರುವುದನ್ನು ಕಂಡಾಗ ಸಂಕಟವಾಗುತ್ತದೆ. ಮೂರನೆಯ ಗುಂಪಿನವು ಸುಲಭವಾಗಿ ಮರಳಿ ಪಡೆಯಬಹುದಾದ ಪಹಣಿ, ಆಧಾರ್, ಪ್ಯಾನ್ ಮೊದಲಾದವು. ಇವುಗಳಿಗೆ ಒಂದು ಸಾಮಾನ್ಯ ಫೈಲು ಸಾಕು; ಇವನ್ನು ಮೊದಲೆರಡು ಗುಂಪಿನೊಂದಿಗೆ ಇಡಲೇಬಾರದು. ಪಹಣಿಗಾಗಿ ತಿಂಗಳಿಗೊಮ್ಮೆ ಚೀಲ ಬಿಚ್ಚುವ ಮನೆಯಲ್ಲಿ ಕ್ರಯಪತ್ರವೂ ತಿಂಗಳಿಗೊಮ್ಮೆ ಸವೆಯುತ್ತದೆ.

ಎರಡನೆಯ ಹೆಜ್ಜೆ: ನಕಲು ಪಡೆಯುವುದು, ಸ್ಕ್ಯಾನ್ ಮಾಡಿಸುವುದು

ಮೂಲಪತ್ರವನ್ನು ಒಮ್ಮೆ ಸರಿಯಾಗಿ ನಕಲು ಮಾಡಿಸಿಕೊಂಡರೆ ಅದನ್ನು ಮತ್ತೆ ಮತ್ತೆ ಮುಟ್ಟುವ ಅಗತ್ಯ ಬೀಳುವುದಿಲ್ಲ. ನೋಂದಣಿಯಾದ ಪತ್ರಗಳಿಗೆ 1908ರ ನೋಂದಣಿ ಕಾಯ್ದೆಯ ಪ್ರಕಾರ ದೃಢೀಕೃತ ನಕಲು ಸಿಗುತ್ತದೆ, ಮೂಲಪತ್ರದಲ್ಲಿ ಏನು ಬರೆದಿತ್ತು ಎಂಬುದನ್ನು ತೋರಿಸಲು ಆ ನಕಲು ನ್ಯಾಯಾಲಯದಲ್ಲೂ ಸಲ್ಲುತ್ತದೆ. ಸ್ಥಿರಾಸ್ತಿಯ ಪತ್ರಗಳು ಒಂದನೆಯ ಪುಸ್ತಕದಲ್ಲಿ, ಉಯಿಲುಗಳು ಮೂರನೆಯ ಪುಸ್ತಕದಲ್ಲಿ ದಾಖಲಾಗುತ್ತವೆ. ಹಳೆಯ ಪತ್ರದ ಹಿಂಬದಿಯ ಷರಾದಲ್ಲಿ ದಸ್ತಾವೇಜಿನ ಸಂಖ್ಯೆ, ಪುಸ್ತಕ, ಸಂಪುಟ, ಪುಟಗಳನ್ನು ಬರೆದಿರುತ್ತಾರೆ. ಗಣಕೀಕರಣದ ನಂತರದ ಪತ್ರಗಳಲ್ಲಿ ಸಿ.ಡಿ. ಸಂಖ್ಯೆ ಇರುತ್ತದೆ. ಇವಿಷ್ಟನ್ನು ಒಂದು ನೋಟುಪುಸ್ತಕದಲ್ಲಿ ಇಂದೇ ಬರೆದಿಟ್ಟುಕೊಳ್ಳಿ. ಮೂಲಪತ್ರ ಕಳೆದ ದಿನ ಕಚೇರಿಯಲ್ಲಿ ಮೊದಲು ಕೇಳುವುದು ಈ ಸಂಖ್ಯೆಗಳನ್ನೇ, ಅವು ಇರುವುದು ಕಳೆದುಹೋದ ಪತ್ರದ ಮೇಲೆಯೇ. ನಕಲಿಗೆ ನೋಂದಣಿ ಇಲಾಖೆಯ ಜಾಲತಾಣವಾದ ಕಾವೇರಿ ಆನ್‌ಲೈನ್ ಮೂಲಕವೂ ಅರ್ಜಿ ಹಾಕಬಹುದು.

ಸ್ಕ್ಯಾನ್ ಮಾಡುವಾಗ ಫೋನಿನಲ್ಲಿ ಓರೆಯಾಗಿ ತೆಗೆದ ಚಿತ್ರಕ್ಕೆ ತೃಪ್ತರಾಗಬೇಡಿ. ಚಪ್ಪಟೆ ಸ್ಕ್ಯಾನರಿನಲ್ಲಿ, ಬಣ್ಣದಲ್ಲಿ, ಕನಿಷ್ಠ 300 ಡಿಪಿಐ ಸ್ಪಷ್ಟತೆಯಲ್ಲಿ ಮಾಡಿಸಿ. ಮೊಹರಿನ ನೀಲಿ, ಹೆಬ್ಬೆಟ್ಟಿನ ಗೆರೆ, ಶಾಯಿಯ ಕಂದು ಬಣ್ಣ ಕಪ್ಪು-ಬಿಳುಪಿನ ಜೆರಾಕ್ಸಿನಲ್ಲಿ ಉಳಿಯುವುದಿಲ್ಲ. ಖಾಲಿಯಂತೆ ಕಾಣುವ ಹಿಂಬದಿಯನ್ನೂ ಬಿಡಬಾರದು, ಛಾಪಾಕಾಗದವನ್ನು ಯಾರ ಹೆಸರಿಗೆ, ಯಾವ ದಿನ ಮಾರಿದರು ಎಂಬುದು ಅಲ್ಲಿಯೇ ಇರುತ್ತದೆ. ಹಾಳೆ ಹಾಳೆಯಾಗಿ ಎಳೆದುಕೊಳ್ಳುವ ಯಂತ್ರಕ್ಕೆ ಹಳೆಯ ಪತ್ರವನ್ನು ಕೊಡಲೇಬೇಡಿ. ಸ್ಕ್ಯಾನಿನ ಕಡತಗಳನ್ನು ಎರಡು ಬೇರೆ ಬೇರೆ ಜಾಗಗಳಲ್ಲಿ ಇಡಿ, ಅವುಗಳಲ್ಲಿ ಒಂದು ಮನೆಯ ಹೊರಗಿರಲಿ. ಆದರೆ ಸ್ಕ್ಯಾನ್ ಇದೆಯೆಂದು ಮೂಲಪತ್ರದ ವಿಷಯದಲ್ಲಿ ಉದಾಸೀನ ಮಾಡುವಂತಿಲ್ಲ. ಆಸ್ತಿಪತ್ರಗಳನ್ನು ಅಡವಿಟ್ಟು ಸಾಲ ಪಡೆಯುವಾಗ ಬ್ಯಾಂಕು ಕೇಳುವುದು ಅಸಲನ್ನು, ಉಯಿಲಿನ ಮಟ್ಟಿಗಂತೂ ವಿದ್ಯುನ್ಮಾನ ರೂಪದ ದಾಖಲೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮಾನ್ಯತೆಯೇ ಇಲ್ಲ.

ಮೂಲಪತ್ರಕ್ಕೆ ವಯಸ್ಸಾದಷ್ಟೂ ಬಲ ಬರುವುದೂ ಉಂಟು. ಮೂವತ್ತು ವರ್ಷ ಮೀರಿದ ದಸ್ತಾವೇಜನ್ನು ಅದು ಇರಬೇಕಾದವರ ವಶದಿಂದಲೇ ಹಾಜರುಪಡಿಸಿದರೆ, ಅದರ ಸಹಿ ಮತ್ತು ಬರಹ ಅದನ್ನು ಮಾಡಿದವರದೇ ಎಂದು ನ್ಯಾಯಾಲಯ ಭಾವಿಸಬಹುದು. ಹಿಂದಿನ ಸಾಕ್ಷ್ಯ ಕಾಯ್ದೆಯ 90ನೆಯ ಕಲಮಿನಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 92ನೆಯ ಕಲಮಿನಲ್ಲಿ ಮುಂದುವರಿದಿದೆ. ಬರೆದವರೂ ಸಾಕ್ಷಿ ಹಾಕಿದವರೂ ತೀರಿಕೊಂಡ ಮೇಲೆ ಒಂದು ಪಾಲುಪಟ್ಟಿಗೆ ಇರುವ ಆಸರೆ ಇದು. ಉಯಿಲಿಗೆ ಮಾತ್ರ ಈ ಅನುಕೂಲ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಈ ನಿಯಮಕ್ಕೆ ಕಾಗದ ಯಾರ ವಶದಲ್ಲಿತ್ತು ಎಂಬುದೇ ಮುಖ್ಯವಾದ್ದರಿಂದ, ಹಳೆಯ ಕಾಗದವನ್ನು ಯಾರು ಇಟ್ಟುಕೊಂಡಿದ್ದರು, ಅವರಿಂದ ಯಾರಿಗೆ ಬಂತು ಎಂಬ ನಾಲ್ಕು ಸಾಲನ್ನು ಬೇರೆ ಹಾಳೆಯಲ್ಲಿ ದಿನಾಂಕ ಹಾಕಿ ಬರೆದಿಡುವುದು ಕಾಗದವನ್ನು ಉಳಿಸುವಷ್ಟೇ ಮುಖ್ಯವಾದ ಕೆಲಸ.

ಮೂರನೆಯ ಹೆಜ್ಜೆ: ಪಿನ್ನು ತೆಗೆಯುವುದು, ಮಡಿಕೆ ಬಿಡಿಸುವುದು

ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು, ರಬ್ಬರ್ ಬ್ಯಾಂಡು, ಕ್ಲಿಪ್ಪು ಇವನ್ನೆಲ್ಲ ತೆಗೆಯಬೇಕು. ಸ್ಟೇಪ್ಲರ್ ಪಿನ್ನನ್ನು ಎಳೆಯಬೇಡಿ. ಹಾಳೆ ಮತ್ತು ಪಿನ್ನಿನ ನಡುವೆ ಗಟ್ಟಿ ಕಾಗದದ ತುಂಡು ತೂರಿಸಿ, ಹಿಂಬದಿಯ ಎರಡು ಕಾಲುಗಳನ್ನು ಮಂದವಾದ ಚಾಕುವಿನ ತುದಿಯಿಂದ ನೆಟ್ಟಗೆ ಮಾಡಿ, ನಂತರ ಮುಂಬದಿಯಿಂದ ಮೇಲಕ್ಕೆತ್ತಿ. ನೋಂದಣಿ ಕಚೇರಿಯಲ್ಲಿ ದಾರ ಹಾಕಿ ಹೊಲಿದಿದ್ದರೆ ಅಥವಾ ಅರಗಿನ ಮೊಹರು ಇದ್ದರೆ ಅದನ್ನು ಮುಟ್ಟಬಾರದು, ಹಾಳೆಗಳು ಒಂದೇ ಪತ್ರಕ್ಕೆ ಸೇರಿದವು ಎಂಬುದಕ್ಕೆ ಅದೇ ಗುರುತು.

ಮಡಿಕೆಯನ್ನು ಬಿಡಿಸುವಾಗ ಆತುರ ಬೇಡ. ಕಾಗದ ಇನ್ನೂ ಮೆದುವಾಗಿದ್ದರೆ ನಿಧಾನವಾಗಿ ಬಿಡಿಸಿ, ಎರಡು ಬಿಳಿಯ ಹಾಳೆಗಳ ನಡುವೆ ಇಟ್ಟು, ಮೇಲೆ ಭಾರದ ಪುಸ್ತಕಗಳನ್ನು ಹೇರಿ ಒಂದೆರಡು ವಾರ ಬಿಟ್ಟರೆ ತಾನಾಗಿ ಚಪ್ಪಟೆಯಾಗುತ್ತದೆ. ಇಸ್ತ್ರಿ ಪೆಟ್ಟಿಗೆ ಹಿಡಿಯಲೇಬಾರದು. ಮುಟ್ಟಿದರೆ ಹಪ್ಪಳದಂತೆ ಮುರಿಯುವ ಹಂತಕ್ಕೆ ಬಂದಿದ್ದರೆ ನೀವು ಬಿಡಿಸಲು ಹೋಗದೆ, ಹಳೆಯ ದಾಖಲೆಗಳ ಸಂರಕ್ಷಣೆಯಲ್ಲಿ ಪಳಗಿದವರ ಕೈಗೆ ಕೊಡಿ.

ನಾವು ಫೈಲಿಗೆ ಬಳಸುವ ‘ಕಡತ’ ಎಂಬ ಪದವೇ ಮಡಿಕೆಯ ನೆನಪನ್ನು ಹೊತ್ತಿದೆ. ಹುಣಸೆಬೀಜದ ಸರಿ ಮತ್ತು ಇದ್ದಿಲನ್ನು ಬಟ್ಟೆಗೆ ಬಳಿದು, ಒಣಗಿಸಿ, ಪದರು ಪದರಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕವನ್ನು ನಮ್ಮ ಹಿರಿಯರು ಕಡತ ಎನ್ನುತ್ತಿದ್ದರು, ಶೃಂಗೇರಿ ಮಠದಲ್ಲಿ ಅಂಥವು ಬಹಳ ಸಂಖ್ಯೆಯಲ್ಲಿ ಉಳಿದಿವೆ. ಬಟ್ಟೆ ಮಡಿಕೆಯನ್ನು ತಾಳುತ್ತದೆ. ಮರದ ತಿರುಳಿನ ಕಾಗದಕ್ಕೆ ಆ ಶಕ್ತಿಯಿಲ್ಲ. ಹತ್ತೊಂಬತ್ತನೆಯ ಶತಮಾನದಿಂದ ಈಚಿನ ಹೆಚ್ಚಿನ ಕಾಗದಗಳ ತಯಾರಿಕೆಯಲ್ಲಿ ಬಳಸಿದ ಪಟಿಕ ಮತ್ತು ರಾಳದಿಂದಾಗಿ ಅವುಗಳೊಳಗೆ ಆಮ್ಲ ಹುಟ್ಟುತ್ತ ಹೋಗುತ್ತದೆ; ಆ ಆಮ್ಲ ನಾರನ್ನು ಕತ್ತರಿಸುತ್ತದೆ, ಸೆಕೆ ಮತ್ತು ತೇವ ಆ ಕೆಲಸವನ್ನು ಚುರುಕಾಗಿಸುತ್ತವೆ. ವೃತ್ತಪತ್ರಿಕೆಯ ಕಾಗದದಲ್ಲಂತೂ ಇದು ಇನ್ನೂ ಹೆಚ್ಚು. ಬೀರುವಿನ ಹಲಗೆಗೆ ಹಳೆಯ ಪತ್ರಿಕೆ ಹಾಸಿ ಅದರ ಮೇಲೆ ಪತ್ರಗಳನ್ನಿಡುವ ಪದ್ಧತಿಯನ್ನು ಈ ಕಾರಣಕ್ಕೆ ಬಿಡಬೇಕು.

ಲ್ಯಾಮಿನೇಷನ್ ಬೇಡ

ಇದನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಒಳ್ಳೆಯ ಮನಸ್ಸಿನಿಂದ ಮಾಡುವ ಹಾನಿಗಳಲ್ಲಿ ಇದೇ ದೊಡ್ಡದು. ಅಂಗಡಿಯ ಯಂತ್ರದಲ್ಲಿ ಪತ್ರವನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಬಿಸಿ ಉರುಳೆಗಳ ಮಧ್ಯೆ ಹಾಯಿಸಿದಾಗ ಅಂಟು ಕರಗಿ ಕಾಗದದ ನಾರಿನೊಳಗೆ ಇಳಿಯುತ್ತದೆ. ಆಮೇಲೆ ಪತ್ರಕ್ಕೆ ಧಕ್ಕೆಯಾಗದಂತೆ ಅದನ್ನು ಬಿಡಿಸುವ ದಾರಿ ಮನೆಯಲ್ಲಿ ಇಲ್ಲ. ಒಳಗಿನ ಆಮ್ಲ ಒಳಗೇ ಉಳಿದು ಕೆಲಸ ಮುಂದುವರಿಸುತ್ತದೆ. ಅಮೆರಿಕದಲ್ಲಿ 1930ರ ದಶಕದಲ್ಲಿ ವಿಲಿಯಂ ಬ್ಯಾರೋ ಎಂಬವರು ದಾಖಲೆಗಳನ್ನು ಬಿಸಿ ಒತ್ತಡದಲ್ಲಿ ಸೆಲ್ಯುಲೋಸ್ ಅಸಿಟೇಟ್ ಪದರಿನೊಳಗೆ ಸೇರಿಸುವ ಪದ್ಧತಿಯನ್ನು ಬಳಕೆಗೆ ತಂದರು. ಹಲವು ದಶಕ ಅದನ್ನು ನಂಬಿದ ದಾಖಲೆ ಭಂಡಾರಗಳೇ ಅದರಿಂದಾದ ತೊಂದರೆ ಕಂಡು ಕೈಬಿಟ್ಟವು.

ಕಾನೂನಿನ ದೃಷ್ಟಿಯಿಂದಲೂ ಅದು ಅಡ್ಡಿಯೇ. ಸಹಿ ನಿಜವೇ ಎಂದು ತಜ್ಞರು ಪರೀಕ್ಷಿಸುವಾಗ ಶಾಯಿ ಕಾಗದದಲ್ಲಿ ಇಳಿದ ರೀತಿ, ಪೆನ್ನಿನ ಒತ್ತು, ಉಬ್ಬು ಮೊಹರು ಇವು ಕಾಣಬೇಕು. ಸಿವಿಲ್ ದಾವೆಯಲ್ಲಿ ಸ್ವೀಕರಿಸಿದ ಪ್ರತಿ ದಸ್ತಾವೇಜಿನ ಮೇಲೆ ದಾವೆಯ ಸಂಖ್ಯೆ, ಹಾಜರುಪಡಿಸಿದವರ ಹೆಸರು, ದಿನಾಂಕಗಳ ಷರಾ ಬರೆಯಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೆಯ ಆದೇಶ ಹೇಳುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಅದನ್ನು ಬರೆಯುವುದು ಹೇಗೆ? ವಿದೇಶಕ್ಕೆ ಹೋಗುವ ನಮ್ಮ ಮಕ್ಕಳ ಅಂಕಪಟ್ಟಿ, ಜನನ ಪ್ರಮಾಣಪತ್ರಗಳಿಗೆ ಅಪೊಸ್ಟೀಲ್ (ಹೊರದೇಶದಲ್ಲಿ ದಾಖಲೆ ಸಲ್ಲಲು ಸರ್ಕಾರ ಕೊಡುವ ದೃಢೀಕರಣದ ಚೀಟಿ) ಅಂಟಿಸುವಾಗಲೂ ಇದೇ ತೊಡಕು ಬರುತ್ತದೆ. ಈಗಾಗಲೇ ಲ್ಯಾಮಿನೇಟ್ ಆಗಿರುವುದನ್ನು ಕಿತ್ತು ತೆಗೆಯಲು ಹೋಗಬೇಡಿ. ಅದನ್ನು ಹಾಗೆಯೇ ನೆರಳಿನಲ್ಲಿಟ್ಟು, ದೃಢೀಕೃತ ನಕಲನ್ನು ತೆಗೆಸಿ ಜೊತೆಗಿರಿಸಿ.

ಸೆಲ್ಲೋಟೇಪಿಗೂ ಇದೇ ಮಾತು. ಕೆಲವು ವರ್ಷಗಳಲ್ಲಿ ಟೇಪು ಉದುರಿ, ಅಂಟು ಮಾತ್ರ ಕಂದು ಪಟ್ಟಿಯಾಗಿ ಅಕ್ಷರಗಳ ಮೇಲೆ ನಿಲ್ಲುತ್ತದೆ. ಹರಿದ ಹಾಳೆಯನ್ನು ಹರಿದಂತೆಯೇ ಪಾರದರ್ಶಕ ಕವರಿನಲ್ಲಿ ಜೋಡಿಸಿಡುವುದು ಮೇಲು. ಅಳಿಸಿದ ಅಕ್ಷರವನ್ನು ಪೆನ್ನಿನಿಂದ ತಿದ್ದುವುದು, ಪತ್ರದ ಮೇಲೆ ‘ಮೇಲಿನ ಹೊಲ’, ‘ದೊಡ್ಡಪ್ಪನ ಪಾಲು’ ಎಂದು ಬರೆಯುವುದು ಯಾವ ಕಾರಣಕ್ಕೂ ಕೂಡದು, ನಾಳೆ ಅದೇ ತಿದ್ದುಪಡಿಯ ಆರೋಪಕ್ಕೆ ಎಡೆಮಾಡುತ್ತದೆ. ಗುರುತು ಬೇಕಿದ್ದರೆ ಕವರಿನ ಮೇಲೆ ಪೆನ್ಸಿಲಿನಿಂದ ಬರೆಯಿರಿ.

ನಾಲ್ಕನೆಯ ಹೆಜ್ಜೆ: ಕವರು, ಪೆಟ್ಟಿಗೆ, ಜಾಗ

ಪತ್ರವನ್ನು ಪೂರ್ತಿ ಬಿಡಿಸಿಡಲು ಸಾಕಾಗುವಷ್ಟು ದೊಡ್ಡ ಕವರು ಬೇಕು. ಆಮ್ಲರಹಿತ ಕಾಗದದ ಕವರು ಎಲ್ಲಕ್ಕಿಂತ ಒಳ್ಳೆಯದು. ಪ್ಲಾಸ್ಟಿಕ್ ಆದರೆ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಎಂದು ಬರೆದಿರುವುದನ್ನೇ ಕೊಳ್ಳಿ. ತೆರೆದ ಕೂಡಲೇ ಘಾಟು ವಾಸನೆ ಬರುವ ಮೆತ್ತನೆಯ ಪಿವಿಸಿ ಫೋಲ್ಡರುಗಳಲ್ಲಿ ಜೆರಾಕ್ಸ್ ಮತ್ತು ಲೇಸರ್ ಮುದ್ರಣದ ಅಕ್ಷರಗಳು ಅಂಟಿಕೊಂಡು ಕವರಿನೊಂದಿಗೇ ಎದ್ದುಬರುತ್ತವೆ. ಒಂದು ಕವರಿಗೆ ಒಂದೇ ಪತ್ರ. ನುಣುಪಾದ ಕಾಗದದ ಮೇಲೆ ಶಾಖದಿಂದ ಮುದ್ರಿಸಿದ ರಸೀದಿಗಳು ಕೆಲವೇ ವರ್ಷಗಳಲ್ಲಿ ಬಿಳಿಯಾಗುತ್ತವೆ, ಆದ್ದರಿಂದ ಅವುಗಳ ನಕಲನ್ನು ಪಡೆದ ದಿನವೇ ತೆಗೆದಿಡಿ.

ಕಾಗದಕ್ಕೆ ಹಿತವಾದದ್ದು ಸುಮಾರು 20 ಡಿಗ್ರಿ ಉಷ್ಣತೆ ಮತ್ತು ಶೇ. 50ರ ಆಸುಪಾಸಿನ ತೇವಾಂಶ. ಗಾಳಿಯ ತೇವಾಂಶ ಶೇ. 65 ದಾಟಿ ಹಾಗೆಯೇ ನಿಂತರೆ ಬೂಷ್ಟು ಹಿಡಿಯುತ್ತದೆ. ಮಡಿಕೇರಿ, ಆಗುಂಬೆ, ಮಂಗಳೂರುಗಳ ಮಳೆಗಾಲದಲ್ಲಿ ತೇವಾಂಶ ತಿಂಗಳುಗಟ್ಟಲೆ ಅದಕ್ಕಿಂತ ಮೇಲಿರುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತೇವದ ಭಯ ಕಡಿಮೆ, ಸೆಕೆಯದು ಹೆಚ್ಚು. ಹಾಗಾಗಿ ಎಲ್ಲ ಊರಿಗೂ ಒಂದೇ ಸಲಹೆ ಹೊಂದುವುದಿಲ್ಲ. ಮಲೆನಾಡು, ಕರಾವಳಿಯವರು ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲಗಳನ್ನಿಟ್ಟು, ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಬಳಸಬೇಕು. ಬಯಲುಸೀಮೆಯವರು ಬಿಸಿಲು ಬೀಳುವ ಗೋಡೆ, ಶೀಟಿನ ಮಾಡಿನ ಕೆಳಗಿನ ಅಟ್ಟ ಇವನ್ನು ತಪ್ಪಿಸಬೇಕು. ಎಲ್ಲರೂ ತಪ್ಪಿಸಬೇಕಾದ್ದು ಬಚ್ಚಲ ಪಕ್ಕದ ಗೋಡೆ, ಅಡುಗೆಮನೆ, ನೆಲಕ್ಕೆ ತಾಗಿದ ಕೆಳಗಿನ ಅರೆ. ಮನೆಯ ನಡುಭಾಗದ ಕೋಣೆಯಲ್ಲಿ, ಹೊರಗೋಡೆಗೆ ಒರಗಿಸದ ಕಬ್ಬಿಣದ ಬೀರುವಿನ ಮಧ್ಯದ ಅರೆ ನಮ್ಮಂಥ ಮನೆಗಳಲ್ಲಿ ಸಿಗಬಹುದಾದ ಒಳ್ಳೆಯ ಜಾಗ.

ನುಸಿಗುಳಿಗೆಗಳನ್ನು ಪತ್ರಗಳ ನಡುವೆ ಹಾಕಬೇಡಿ. ಅವುಗಳ ಆವಿ ಮನುಷ್ಯರಿಗೂ ಒಳ್ಳೆಯದಲ್ಲ, ಪ್ಲಾಸ್ಟಿಕ್ ಕವರುಗಳಿಗೂ ಆಗದು. ಹಳೆಯ ಮನೆಗಳಲ್ಲಿ ಓಲೆಗರಿಗಳ ಜೊತೆ ಬಜೆ ಬೇರು, ಬೇವಿನ ಎಲೆ ಇಡುವ ರೂಢಿಯಿದೆ. ಇಡುವುದಾದರೆ ಪೂರ್ತಿ ಒಣಗಿದ್ದನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಕಾಗದಕ್ಕೆ ತಾಗದಂತೆ ಪೆಟ್ಟಿಗೆಯ ಮೂಲೆಯಲ್ಲಿಡಿ. ಅದಕ್ಕಿಂತ ಹೆಚ್ಚಿನ ಕಾವಲು ಎಂದರೆ ವರ್ಷಕ್ಕೆ ಎರಡು ಸಲ ಕಣ್ಣಿಟ್ಟು ನೋಡುವುದು. ಮಳೆಗೆ ಮುಂಚೆ ಮೇ ತಿಂಗಳಲ್ಲೊಮ್ಮೆ, ಆಯುಧಪೂಜೆಗೆ ಮನೆ ಸಾರಿಸಿ ಗುಡಿಸುವಾಗ ಮತ್ತೊಮ್ಮೆ ಪೆಟ್ಟಿಗೆ ತೆರೆದರೆ ಗೆದ್ದಲಿನ ಮಣ್ಣಿನ ಗೆರೆಯಾಗಲಿ, ಬೆಳ್ಳಿಹುಳು ಕೆರೆದ ಅಂಚಾಗಲಿ ಕೂಡಲೇ ತಿಳಿಯುತ್ತದೆ.

ಐದನೆಯ ಹೆಜ್ಜೆ: ಲಾಕರು, ಉಯಿಲು, ಕೈಬದಲು

ಬ್ಯಾಂಕಿನ ಲಾಕರು ಕಳ್ಳತನಕ್ಕೂ ಬೆಂಕಿಗೂ ಮನೆಗಿಂತ ಸುರಕ್ಷಿತ, ಆದರೆ ಅದು ಒಣ ಜಾಗವೇ ಆಗಿರುತ್ತದೆಂಬ ಭರವಸೆಯಿಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಂಕಿ, ಕಳವು, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆ ಇವುಗಳಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಪ್ರವಾಹ, ಭೂಕಂಪದಂಥವಕ್ಕೆ ಬ್ಯಾಂಕು ಹೊಣೆಯಲ್ಲ. ಎಷ್ಟು ಹಣ ಬಂದರೂ ಸಹಿ ಇರುವ ಹಾಳೆ ಮರಳಿ ಬರುವುದಿಲ್ಲವಾದ್ದರಿಂದ, ಮೊದಲನೆಯ ಗುಂಪಿನ ಪತ್ರಗಳ ಸ್ಕ್ಯಾನು ಲಾಕರಿನ ಹೊರಗೆ ಇರಲೇಬೇಕು. ಲಾಕರಿಗೆ ನಾಮಿನಿ ಹೆಸರಿಸಿ, ವರ್ಷಕ್ಕೊಮ್ಮೆಯಾದರೂ ತೆರೆಯಿರಿ.

ಉಯಿಲನ್ನು ಮಾತ್ರ ನಿಮ್ಮೊಬ್ಬರ ಹೆಸರಿನ ಲಾಕರಿನಲ್ಲಿ ಇಡಬೇಡಿ. ಅದು ಬೇಕಾಗುವುದು ನೀವು ಇಲ್ಲದಾಗ, ಆಗ ಲಾಕರು ತೆಗೆಸುವುದೇ ಮನೆಯವರಿಗೆ ಒಂದು ಕೆಲಸವಾಗುತ್ತದೆ. ನೋಂದಣಿ ಕಾಯ್ದೆಯಲ್ಲಿ ಇದಕ್ಕೆ ಒಳ್ಳೆಯದೊಂದು ವ್ಯವಸ್ಥೆಯಿದೆ, ಬಹಳ ಜನ ಅದನ್ನು ಬಳಸುವುದಿಲ್ಲ. ಉಯಿಲನ್ನು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು. ಬರೆದವರು ಬದುಕಿರುವಾಗ ಅದನ್ನು ಹಿಂಪಡೆಯಲೂಬಹುದು, ಅವರು ತೀರಿಕೊಂಡ ಮೇಲೆ ಅರ್ಜಿ ಸಲ್ಲಿಸಿದವರ ಎದುರು ಲಕೋಟೆ ತೆರೆದು ನಕಲಿಸುತ್ತಾರೆ. ಠೇವಣಿಯ ವಿಷಯ ನಂಬಿಕಸ್ತರಾದ ಒಬ್ಬರಿಗಾದರೂ ಗೊತ್ತಿರಬೇಕು.

ಮೂಲಪತ್ರಗಳು ಕಳೆಯುವುದು ಹೆಚ್ಚಾಗಿ ಪೆಟ್ಟಿಗೆಯಲ್ಲಲ್ಲ, ಕೈಬದಲಾಗುವಾಗ. ವಕೀಲರಿಗೆ, ಬ್ಯಾಂಕಿಗೆ, ಸರ್ವೆಗೆ, ಸಂಬಂಧಿಕರಿಗೆ ಯಾರಿಗೇ ಅಸಲು ಕೊಟ್ಟರೂ ಪತ್ರದ ವಿವರ, ಪುಟಗಳ ಸಂಖ್ಯೆ, ದಿನಾಂಕ ಬರೆದ ಪಟ್ಟಿಗೆ ಸಹಿ ಪಡೆಯಿರಿ. ನಮ್ಮವರೇ ತಾನೇ ಎಂದು ಸಂಕೋಚಪಡಬಾರದು. ಪಟ್ಟಿ ಇದ್ದರೆ ನಾಳೆ ಇಬ್ಬರಿಗೂ ನೆಮ್ಮದಿ. ಸಾಲ ಪೂರ್ತಿ ತೀರಿದ ಮೇಲೆ ಬ್ಯಾಂಕು 30 ದಿನಗಳೊಳಗೆ ಆಸ್ತಿಯ ಮೂಲಪತ್ರಗಳನ್ನು ಮರಳಿಸಬೇಕು, ತನ್ನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರಿನಲ್ಲಿ ಆದೇಶಿಸಿದೆ, 2023ರ ಡಿಸೆಂಬರ್ 1ರಿಂದ ಅದು ಜಾರಿಯಲ್ಲಿದೆ. ಮರಳಿ ಪಡೆಯುವಾಗ ಪುಟ ಪುಟವನ್ನೂ ನಿಮ್ಮ ಪಟ್ಟಿಯೊಂದಿಗೆ ತಾಳೆನೋಡಿ.

ನೀರು ಹೊಕ್ಕರೆ

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, ಮರುವರ್ಷ ಉತ್ತರ ಕರ್ನಾಟಕದ ನೆರೆಯಲ್ಲಿ ಮನೆಗಳೊಂದಿಗೆ ಕಾಗದಪತ್ರಗಳೂ ನೀರುಪಾಲಾದವು. ಒದ್ದೆಯಾದ ಕಾಗದಕ್ಕೆ ಇರುವ ಸಮಯ ಬಹಳ ಕಡಿಮೆ, ಒಂದೆರಡು ದಿನದಲ್ಲೇ ಬೂಷ್ಟು ಏಳುತ್ತದೆ. ಅಂಟಿಕೊಂಡ ಹಾಳೆಗಳನ್ನು ಎಳೆದು ಬಿಡಿಸಬೇಡಿ, ಬಿಸಿಲಿಗೂ ಒಲೆಯ ಹತ್ತಿರಕ್ಕೂ ಒಯ್ಯಬೇಡಿ. ಬಿಡಿ ಹಾಳೆಗಳಾದರೆ ಬಿಳಿಯ ಹತ್ತಿಬಟ್ಟೆಯ ಮೇಲೆ ನೆರಳಿನಲ್ಲಿ ಹರಡಿ, ಫ್ಯಾನನ್ನು ನೇರವಾಗಿ ಅವುಗಳ ಮೇಲಲ್ಲದೆ ಕೋಣೆಯಲ್ಲಿ ಗಾಳಿಯಾಡುವಂತೆ ತಿರುಗಿಸಿ. ಕೆಳಗೆ ವೃತ್ತಪತ್ರಿಕೆ ಹಾಸಿದರೆ ಅದರ ಮಸಿ ಪತ್ರಕ್ಕೆ ಹತ್ತುತ್ತದೆ. ಕಟ್ಟು ದೊಡ್ಡದಾಗಿದ್ದು ಒಂದೇ ದಿನದಲ್ಲಿ ಒಣಗಿಸಲು ಆಗದಿದ್ದರೆ, ಅದನ್ನು ಹಾಗೆಯೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಮೇಲಿನ ಹಿಮದ ಖಾನೆಯಲ್ಲಿಡಿ. ಹೆಪ್ಪುಗಟ್ಟಿದ ಕಾಗದದಲ್ಲಿ ಬೂಷ್ಟು ಬೆಳೆಯುವುದಿಲ್ಲ, ಶಾಯಿ ಹರಡುವುದೂ ನಿಲ್ಲುತ್ತದೆ. ತಿಳಿದವರನ್ನು ಹುಡುಕಲು ನಿಮಗೆ ವಾರಗಳ ಬಿಡುವು ಸಿಗುತ್ತದೆ.

ಪೂರ್ತಿ ಕಳೆದೇ ಹೋದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಡಿ, ನೋಟುಪುಸ್ತಕದಲ್ಲಿ ಬರೆದಿಟ್ಟ ದಸ್ತಾವೇಜಿನ ಸಂಖ್ಯೆ ಹಿಡಿದು ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಆ ನೋಟುಪುಸ್ತಕವನ್ನು ಪತ್ರಗಳಿರುವ ಪೆಟ್ಟಿಗೆಯಲ್ಲಿ ಇಡದೆ ಬೇರೆಡೆ ಇಟ್ಟಿರಬೇಕು.